ಏಳನೇ ಡಬ್ಬಿ

ಒಂದಾನೊಂದು ಕಾಲದಲ್ಲಿ, ಅಂದರೆ ಕಳೆದ ಚಳಿಗಾಲದಲ್ಲಿ, ಏನನ್ನೂ ಎಸೆಯದ ಒಬ್ಬ ದರ್ಜಿಯಮ್ಮ ಇದ್ದಳು. ಅವಳ ಹೊಲಿಗೆ ಯಂತ್ರದ ಮೇಲಿನ ಹಲಗೆಯಲ್ಲಿ ಏಳು ಡಬ್ಬಿಗಳು. ಆರರಲ್ಲಿ ಗುಂಡಿ, ಕೊಕ್ಕೆ, ಜಿಪ್ಪು, ತುಂಡು ದಾರ. ಏಳನೆಯದರಲ್ಲಿ ಮನೆಯವರು ತಿಂದು ಉಳಿಸಿದ ಮಾತ್ರೆಗಳು. ಯಾವತ್ತಾದರೂ ಬೇಕಾಗುತ್ತೆ ಎನ್ನುವುದು ಎಲ್ಲ ಡಬ್ಬಿಗಳಿಗೂ ಅವಳ ಒಂದೇ ಮಾತು.

ಅವಳ ಮಗಳು ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಳು. ಅಜ್ಜಿಯ ಹೊಸ ಕೋಟಿಗೆ ಏಳು ಗುಂಡಿ ಹೊಲಿದುಕೊಡುತ್ತೇನೆಂದು ಮಾತು ಕೊಟ್ಟಿದ್ದಳು. ಆದರೆ ಪರೀಕ್ಷೆ ಹತ್ತಿರ ಬಂದಂತೆ ಎದೆ ಡವಡವ, ಕಣ್ಣಿಗೆ ನಿದ್ದೆಯಿಲ್ಲ. ಅಜ್ಜಿಯ ಮೊಣಕಾಲಿನ ಆಪರೇಷನ್ ಆದಾಗ ವೈದ್ಯರು ಬರೆದುಕೊಟ್ಟ ನಿದ್ದೆ ಮಾತ್ರೆ ಏಳನೇ ಡಬ್ಬಿಯಲ್ಲಿತ್ತು. ಒಂದು ನುಂಗಿದಳು. ಸೊಗಸಾಗಿ ನಿದ್ದೆ ಬಂತು. ಕೆಲವೇ ವಾರಗಳಲ್ಲಿ ಒಂದು ಸಾಲದೆ ಎರಡಾಯಿತು. ಹಗಲೆಲ್ಲ ಮಂಪರು, ಓದಿದ್ದು ತಲೆಯಲ್ಲಿ ನಿಲ್ಲದು. ಅಜ್ಜಿ ಕೋಟು ಕೇಳಿದಾಗಲೆಲ್ಲ ನಾಳೆ, ನಾಳೆ.

ಒಂದು ಮಧ್ಯಾಹ್ನ ಪಕ್ಕದ ಬೀದಿಯ ನರ್ಸಮ್ಮ ಸಮವಸ್ತ್ರದ ಅಳತೆ ಕೊಡಲು ಬಂದರು. ಮೂಲೆಯಲ್ಲಿ ಗುಂಡಿ ಹೊಲಿಯಲು ಕೂತ ಮಗಳು ತೂಕಡಿಸುತ್ತ ಅಜ್ಜಿಯ ಕೋಟನ್ನು ತನ್ನ ತೋಳಿನ ಬಟ್ಟೆಗೇ ಸೇರಿಸಿ ಹೊಲಿದಿದ್ದಳು. ಸೂಜಿ ಚುಚ್ಚಿ ರಕ್ತ ಬಂದದ್ದೂ ಅವಳಿಗೆ ತಿಳಿದಿರಲಿಲ್ಲ. ತಾಯಿ ನಕ್ಕಳು. ನರ್ಸಮ್ಮ ನಗಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಒಂದೊಂದೇ ಕೇಳಿದರು. ಮಗಳು ಅಳುತ್ತ ಎಲ್ಲ ಹೇಳಿದಳು. ಮಾತ್ರೆ ನುಂಗದ ದಿನ ಕೈ ನಡುಗುತ್ತದೆಂದೂ, ನಾಳೆ ಗೆಳತಿಗೂ ನಾಲ್ಕು ಕೊಡಲು ಒಪ್ಪಿದ್ದೇನೆಂದೂ.

ತಾಯಿಗೆ ಅದರಲ್ಲಿ ದೊಡ್ಡ ತಪ್ಪೇನೂ ಕಾಣಲಿಲ್ಲ. "ಡಾಕ್ಟರೇ ಬರೆದ ಮಾತ್ರೆ ಅಲ್ವೇನಮ್ಮ? ಬೀದೀಲಿ ಕದ್ದುಮುಚ್ಚಿ ಮಾರೋದೇನಲ್ವಲ್ಲ."

"ಅಕ್ಕ, ಎದುರುಮನೆಯವರ ಅಳತೆಗೆ ಕತ್ತರಿಸಿದ್ದನ್ನ ನನಗೆ ಹೊಲಿದು ಕೊಡ್ತೀರಾ?" ಎಂದರು ನರ್ಸಮ್ಮ.

"ಕೊಟ್ರೆ ನನ್ನ ಕತ್ತರಿ ಮಾನ ಏನಾಗ್ಬೇಕು?"

"ಡಾಕ್ಟರೂ ಅಳತೆ ತಗೊಂಡೇ ಬರೀತಾರೆ. ವಯಸ್ಸು, ತೂಕ, ಕಾಯಿಲೆ, ಎಷ್ಟು ದಿನ ಅನ್ನೋದು ಎಲ್ಲ. ಬಟ್ಟೆ ತಪ್ಪಿದ್ರೆ ಬಿಚ್ಚಿ ಹೊಲೀಬಹುದು. ಮಾತ್ರೆ ಹೆಚ್ಚಾಗಿ ಉಸಿರು ನಿಂತ್ರೆ ಏನು ಬಿಚ್ತೀರಿ?"

ಒಳಗಿನಿಂದ ಅಜ್ಜಿಯ ದನಿ ಬಂತು. "ನನ್ನ ಮೊಣಕಾಲಿಗೆ ಕೊಟ್ಟಿದ್ದು ಇವಳ ಪರೀಕ್ಷೆಗೆ ಹೇಗೆ ನಾಟುತ್ತೆ ಕಣೇ?"

ತಾಯಿ ಏಳನೇ ಡಬ್ಬಿಯನ್ನು ಕೆಳಗಿಳಿಸಿದಳು. ಒಮ್ಮೆಲೇ ಬಿಟ್ಟರೂ ಅಪಾಯ ಎಂದು ನರ್ಸಮ್ಮ ಎಚ್ಚರಿಸಿದ್ದರಿಂದ ಅಂದೇ ಎಲ್ಲರೂ ವೈದ್ಯರ ಬಳಿ ಹೋದರು. ವೈದ್ಯರು ಬೈಯಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಬಿಡುವ ದಾರಿ ಹೇಳಿಕೊಟ್ಟರು. ಪರೀಕ್ಷೆಯ ಭಯಕ್ಕೆ ಕಾಲೇಜಿನ ಆಪ್ತಸಮಾಲೋಚಕಿಯನ್ನು ಕಾಣಲು ಹೇಳಿದರು. ಮಗಳು ಅಲ್ಲಿಗೆ ಗೆಳತಿಯನ್ನೂ ಕರೆದುಕೊಂಡು ಹೋದಳು. ಉಳಿದ ಮಾತ್ರೆಗಳನ್ನು ತಾಯಿ ಆಸ್ಪತ್ರೆಯ ಔಷಧಿ ಕೌಂಟರಿಗೆ ಒಪ್ಪಿಸಿದಳು. ಜೀವಮಾನದಲ್ಲಿ ಅವಳು ಮನೆಯಿಂದ ಹೊರಹಾಕಿದ ಮೊದಲ ವಸ್ತು ಅದು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಏಳನೇ ಡಬ್ಬಿ ಇದ್ದೀತು. ಇವತ್ತೇ ಇಳಿಸಿ ನೋಡಿ. ಒಬ್ಬರಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬರು ನುಂಗಬೇಡಿ, ಗೆಳೆಯರಿಗೆ ಹಂಚಬೇಡಿ. ಈಗಾಗಲೇ ಅಭ್ಯಾಸವಾಗಿದ್ದರೆ ನಾಚಿಕೆ ಬೇಡ, ವೈದ್ಯರಿಗೆ ಹೇಳಿ. ಮಕ್ಕಳು ಬಂದು ಹೇಳಿಕೊಂಡರೆ, ಬೈಯುವ ಮೊದಲು ಅವರ ಪಕ್ಕದಲ್ಲಿ ಕೂರಿ.

ಇನ್ನು ಆ ಕೋಟು. ಚಳಿ ಹಿಂದೆ ಸರಿದ ಒಂದು ಬೆಳಿಗ್ಗೆ ಮಗಳು ಕಿಟಕಿಯ ಬಿಸಿಲಲ್ಲಿ ಕೂತು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು. ಈ ಬಿಸಿಲಿಗೆ ಕೋಟು ಯಾಕೆ ಎಂದು ಅಜ್ಜಿ ಗೊಣಗಿದಳು. ಗೊಣಗುತ್ತಲೇ ತೊಟ್ಟುಕೊಂಡು ನಿಂತಳು. ಮಗಳು ಏಳನೇ ಗುಂಡಿಯನ್ನು ಹೊಲಿದು, ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು.