ಚೀರದವಳು

ನಾನು ಒಂದು ಟಿವಿ, ಕಪ್ಪು ಬಿಳುಪಿನದು. ಹುಟ್ಟಿದ್ದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಒಬ್ಬಳು ತಂತಿ ಬೆಸೆದಳು, ಒಬ್ಬಳು ಗಾಜು ಕೂರಿಸಿದಳು, ಮತ್ತೊಬ್ಬಳು ಗಾಜನ್ನು ಒರೆಸಿ ಅದರಲ್ಲೇ ತನ್ನ ಕುಂಕುಮ ಸರಿಮಾಡಿಕೊಂಡಳು. ನಾನು ಕಂಡ ಮೊದಲ ಮುಖ ಅವಳದು. ಹಚ್ಚಿದಾಗ ನನಗೇನೂ ಕಾಣುವುದಿಲ್ಲ, ಬರೀ ಕೇಳಿಸುತ್ತದೆ. ಆರಿಸಿದಾಗಲೇ ನೋಡುತ್ತೇನೆ.

ನನ್ನನ್ನು ಕೊಂಡವನು ಹುಬ್ಬಳ್ಳಿಯ ಹತ್ತಿಗಿರಣಿಯ ಚಾಳಿನಲ್ಲಿದ್ದ ಚನಬಸಪ್ಪ, ಆ ಗಿರಣಿಯ ಫಿಟ್ಟರ್. ಒಂದೇ ಸಾಲಿನ ಹದಿನಾಲ್ಕು ಖೋಲಿಗಳಿಗೆ, ಅಂದರೆ ಹದಿನಾಲ್ಕು ಸಂಸಾರಗಳಿಗೆ, ನಾನೊಂದೇ. ಅವನ ಹೆಂಡತಿ ನೀಲವ್ವ ಕಸೂತಿ ಹಾಕಿ ನನಗೊಂದು ಮುಸುಕು ಹೊಲಿದಳು. ಬಟ್ಟೆ ತೆಳುವಾಗಿತ್ತು, ಅದರೊಳಗಿಂದಲೂ ನನಗೆ ಮುಖಗಳು ಕಾಣುತ್ತಿದ್ದವು.

ಗುರುವಾರ ಸಂಜೆ ಏಳೂವರೆಗೆ ಚಾಳೆಲ್ಲ ಅವಳ ಖೋಲಿಯಲ್ಲಿ. ಆಗ ‘ಏಳನೆಯವರು’ ಎಂಬ ಧಾರಾವಾಹಿ ಬರುತ್ತಿತ್ತು. ಒಂದು ಮನೆ, ಆರು ಜನ. ಎಣಿಸಿದರೆ ಪ್ರತಿ ಸಲವೂ ಏಳು. ಒಬ್ಬರು ಮನುಷ್ಯರಲ್ಲ, ಯಾರೆಂದು ಗೊತ್ತಿಲ್ಲ. ಮನೆಗೆ ಬಂದ ನೆಂಟರು ಒಬ್ಬೊಬ್ಬರಾಗಿ ಸಾಯುತ್ತಾರೆ, ಕೊಲ್ಲುವುದು ಆ ಏಳನೆಯವರಂತೆ. ಗುರುತು ಒಂದೇ: ಏಳನೆಯವರಿಗೆ ಹೆದರಿಕೆಯಾಗುವುದಿಲ್ಲ.

ಮೊದಲು ಜನ ಹೆದರಿ ಚೀರಿದರು. ಆಮೇಲೆ, ತಾವು ಚೀರಿದ್ದು ಪಕ್ಕದವರಿಗೆ ಕೇಳಿಸಲಿ ಎಂದು ಚೀರತೊಡಗಿದರು.

ಫಕೀರವ್ವ ಮಾತ್ರ ಚೀರುತ್ತಿರಲಿಲ್ಲ. ಗಂಡ ಸತ್ತವಳು, ಗಿರಣಿಯಲ್ಲಿ ಹತ್ತಿಯ ಕಸ ಆರಿಸುವವಳು. ಎಲ್ಲರಿಗಿಂತ ಮುಂದೆ, ನನಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂಡುತ್ತಿದ್ದಳು.

“ಯಾಕಬೇ ಫಕೀರವ್ವ, ನಿನಗ ಅಂಜಿಕಿ ಬರೂದಿಲ್ಲೇನು?” ಎಂದಳು ಬಾಜು ಖೋಲಿಯ ಕಲ್ಲವ್ವ.

“ನನ್ನ ಗಂಡನ ಮಾರಿ ನೋಡೀನಿ, ಇನ್ನ ಇದಕ್ಕೇನು ಅಂಜಲಿ?”

ಎಲ್ಲರೂ ನಕ್ಕರು. ಕಲ್ಲವ್ವ ನಗಲಿಲ್ಲ.

ಒಂದು ಮಧ್ಯಾಹ್ನ ಫಕೀರವ್ವ ನೀಲವ್ವನ ಕೈ ಹಿಡಿದುಕೊಂಡಳು. “ಕಣ್ಣು ಮಂಜಾಗ್ಯಾವ. ಹತ್ತಿ ಕೈಲೆ ತಡವಿ ಆರಸ್ತೀನಿ. ಟಿವಿನೂ ಬರೇ ಕೇಳ್ತೀನಿ. ಕೆಲಸ ಮಾಡಸೂ ಮುಕಾದಮಗ ಗೊತ್ತಾದ್ರ ಕೆಲಸಾನೂ ಹೋತು, ಖೋಲಿನೂ ಹೋತು. ಯಾರ ಮುಂದೂ ಅನಬ್ಯಾಡ.”

“ನಿನ್ನ ಆಣಿ, ಅನ್ನೂದಿಲ್ಲ,” ಎಂದಳು ನೀಲವ್ವ.

ನಮ್ಮಿಬ್ಬರಿಗೂ ಚಿತ್ರ ಕಾಣುತ್ತಿರಲಿಲ್ಲ. ಅಂದಿನಿಂದ ಅವಳ ಮೊಣಕಾಲು ತಾಗಿದರೆ ನನಗೆ ನೆಮ್ಮದಿ.

ಧಾರಾವಾಹಿಯ ಕೊನೆಯ ಕಂತಿನ ದಿನ ಬೆಳಿಗ್ಗೆ ಕಲ್ಲವ್ವನ ಮೊಮ್ಮಗು ವಾಂತಿಭೇದಿಯಾಗಿ ಸತ್ತಿತು. ಸಾವಾದರೆ ಹನ್ನೊಂದು ದಿನ ಚಾಳಿನಲ್ಲಿ ಟಿವಿ ಹಚ್ಚುವುದಿಲ್ಲ. ಚನಬಸಪ್ಪ ಮುಸುಕು ಎಳೆದ. ಆದರೂ ಏಳೂವರೆಗೆ ಎಲ್ಲರೂ ಬಂದು ಮುಸುಕಿನೆದುರು ಕುಳಿತರು. ಕಥೆಯ ಕೊನೆ ಏನೆಂದು ತಿಳಿಯದೆ ಅವರಿಗೆ ಇರಲಾಗಲಿಲ್ಲ.

“ನಿನ್ನೆ ಕೂಸಿನ್ನ ಎತಗೊಂಡಾಕಿ ಯಾರು?” ಎಂದಳು ಕಲ್ಲವ್ವ, ಮೆಲ್ಲಗೆ.

ಫಕೀರವ್ವ ದನಿಯತ್ತ ತಿರುಗಿದಳು. ಆದರೆ ಅವಳ ಮುಖ ಕಲ್ಲವ್ವನ ಪಕ್ಕದ ಗೋಡೆಯ ಕಡೆಗಿತ್ತು. “ನಾನವಾ. ಅಳಾಕತ್ತಿತ್ತು, ಎತಗೊಂಡೆ.”

“ನೋಡ್ರಿ, ಯಾರ ಜೋಡಿ ಮಾತಾಡ್ತಾಳ! ಗ್ವಾಡಿ ಕೂಡ! ಅಂಜಿಕಿ ಇಲ್ಲದ ಏಳನೇದಾಕಿ ಈಕಿನ!” ಕಲ್ಲವ್ವ ಕೂಗಿದಳು.

ಎಲ್ಲರೂ ಹಿಂದೆ ಸರಿದರು. ಫಕೀರವ್ವನ ಕೈ ಗಾಳಿಯಲ್ಲಿ ಹುಡುಕಿತು. “ನೀಲವ್ವಾ, ಹೇಳಿಬಿಡವಾ. ಕೆಲಸ ಹೋದ್ರ ಹೋಗ್ಲಿ. ಹೇಳು.”

ಎಲ್ಲ ಕಣ್ಣುಗಳೂ ನೀಲವ್ವನ ಮೇಲೆ ಬಿದ್ದವು. ಅವಳು ಬಾಯಿ ತೆರೆದಳು. ಚೀರಿದಳು.

ಅದೇ ಸಂಜೆ ಫಕೀರವ್ವನ ಪಾತ್ರೆಗಳು ನಲ್ಲಿಯ ಹತ್ತಿರ ಬಿದ್ದವು. ಅವಳು ಗೋಡೆ ತಡವುತ್ತ ಹೊರಟುಹೋದಳು. ಗೋಡೆ ಮುಗಿದಲ್ಲಿ ಒಂದು ಕ್ಷಣ ನಿಂತಳಂತೆ. ಹನ್ನೆರಡನೆಯ ದಿನ ನನ್ನನ್ನು ಹಚ್ಚುವ ಮೊದಲು ಚಾಳಿನವರು ತಮ್ಮನ್ನು ಎಣಿಸಿಕೊಂಡರು. ಇನ್ನೂ ಒಬ್ಬರು ಹೆಚ್ಚಿದ್ದಾರೆ ಎಂದು ಅವರಿಗೆ ಅನ್ನಿಸಿತು.

ಬಣ್ಣದ ಟಿವಿ ಬಂದಾಗ ನಾನು ಖಾನಾವಳಿಗೆ ಹೋದೆ, ಅಲ್ಲಿಂದ ರಿಪೇರಿ ಅಂಗಡಿಗೆ. ಒಂದು ದಿನ ಅಲ್ಲಿ ಆ ಕೊನೆಯ ಕಂತು ಮರುಪ್ರಸಾರವಾಯಿತು. ಏಳನೆಯವರು ಯಾರೂ ಇರಲಿಲ್ಲ. ಎಣಿಸುವಾಗ ಪ್ರತಿಯೊಬ್ಬರೂ ತಮ್ಮನ್ನೇ ಎರಡು ಸಲ ಎಣಿಸಿದ್ದರು. ಸತ್ತವರನ್ನೆಲ್ಲ ಮನೆಯವರೇ ಕೊಂದಿದ್ದರು. ಕೇಳಿದ್ದು ನಾನೊಂದೇ. ರಿಪೇರಿಯವನಿಗೆ ಬೇಕಿದ್ದದ್ದು ನನ್ನ ದನಿ ಸರಿಯಿದೆಯೇ ಎಂಬುದಷ್ಟೇ. ಮಾತಿನ ನಡುವೆಯೇ ಆರಿಸಿದ.

ಈಗ ಗುಜರಿಯಲ್ಲಿದ್ದೇನೆ. ಇನ್ನು ನನ್ನನ್ನು ಯಾರೂ ಹಚ್ಚುವುದಿಲ್ಲ, ಆದ್ದರಿಂದ ಸದಾ ಕಾಣುತ್ತದೆ. ಹಾದುಹೋಗುವವರು ನನ್ನ ಗಾಜಿನಲ್ಲಿ ಬಗ್ಗಿ ತಲೆ ಬಾಚಿಕೊಳ್ಳುತ್ತಾರೆ. ಪ್ರತಿ ಮುಖದಲ್ಲೂ ನನಗೆ ಕಾಣುವುದು ನೀಲವ್ವನೇ. ಬಾಯಿ ಅಗಲವಾಗಿ ತೆರೆದಿದೆ. ಕಣ್ಣು ಫಕೀರವ್ವನ ಮೇಲಿಲ್ಲ. ಉಳಿದವರು ತನ್ನನ್ನು ನೋಡುತ್ತಿದ್ದಾರೆಯೇ ಎಂದು ಒಬ್ಬೊಬ್ಬರನ್ನೇ ಎಣಿಸುತ್ತಿದೆ.