ಬಾಚಣಿಗೆ ಎಂದು ಕರೆದ ಅಮ್ಮ

ಗೆಳತಿಯ ಮೊದಲ ಕವನ ಸಂಕಲನ ಕೈಗೆ ಬಂದಾಗ ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದಳು. ಕಾಲೇಜಿನಲ್ಲಿ ಪಾಠ ಹೇಳುವ ಗೆಳತಿ ತಾನೇ ಬಂದು ಕೊಟ್ಟು, ಭಾನುವಾರದ ಬಿಡುಗಡೆಯಲ್ಲಿ ನಾಲ್ಕು ಮಾತಾಡಲೇಬೇಕೆಂದು ದುಂಬಾಲು ಬಿದ್ದು ಹೋಗಿದ್ದಳು. ಊಟದ ಬಿಡುವಿನಲ್ಲಿ ಅವಳು ಕೌಂಟರಿನ ಹಿಂದೆ ಕೂತು ಓದತೊಡಗಿದಳು. ಹೆಮ್ಮೆಯಿಂದ ಎದೆಯುಬ್ಬಿ ಬರುತ್ತಿತ್ತು. ಐದಾರು ಕವಿತೆ ಕಳೆದ ಮೇಲೆ 'ಬಾಚಣಿಗೆ' ಬಂತು. ಅವಳು ಮೊದಲ ಸಾಲನ್ನು ಎರಡು ಸಲ ಓದಿದಳು.

ಲಕ್ವ ಹೊಡೆದ ಮೇಲೆ ಅವಳ ಅಮ್ಮನಿಗೆ ಮಾತೆಲ್ಲ ಕಲಸುಮೇಲೋಗರವಾಗಿತ್ತು. ನೀರಿಗೆ ಕಿಟಕಿ ಅನ್ನುತ್ತಿದ್ದರು, ಡಾಕ್ಟರಿಗೆ ಭಾವ ಅನ್ನುತ್ತಿದ್ದರು. ಮಗಳ ಹೆಸರಂತೂ ನಾಲಿಗೆಗೆ ಬರಲೇ ಇಲ್ಲ. 'ಬಾಚಣಿಗೇ' ಎಂದು ಕೂಗುತ್ತಿದ್ದರು. 'ಬಾ' ಎನ್ನಲು ಹೊರಟು ನಾಲಿಗೆ ಅತ್ತ ಜಾರುತ್ತಿತ್ತೋ ಏನೋ. ತಾಯಿ ಮಗಳು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ಅದನ್ನು ಅವಳು ಒಡಹುಟ್ಟಿದ ತಮ್ಮನಿಗೂ ಹೇಳಿರಲಿಲ್ಲ. ಹೇಳಿದ್ದು ಈ ಗೆಳತಿಯೊಬ್ಬಳಿಗೆ, ಅವಳ ಮಡಿಲಲ್ಲಿ ತಲೆಯಿಟ್ಟು.

ಕವಿತೆಯಲ್ಲಿ 'ನನ್ನಮ್ಮ' ಎಂದಿತ್ತು, 'ನನ್ನನ್ನು' ಎಂದಿತ್ತು. ಕಿಟಕಿ, ಭಾವ ಯಾವುದನ್ನೂ ಬಿಟ್ಟಿರಲಿಲ್ಲ.

ಮರುದಿನ ಗೆಳತಿಯ ಅಮ್ಮ ಸಡಿಲಾದ ಫ್ರೇಮು ಬಿಗಿ ಮಾಡಿಸಲು ಬಂದರು. ಆಕೆ ಗುಂಡುಕಲ್ಲಿನ ಹಾಗಿದ್ದರು. ಮಾತೋ, ಅರಳು ಹುರಿದಂತೆ. "ನೋಡಮ್ಮ, ನನ್ನ ಮಗಳು ಪುಸ್ತಕದಲ್ಲಿ ನನ್ನ ಬಾಯಿ ಕಟ್ಟಿಬಿಟ್ಟಿದಾಳೆ. ಪಕ್ಕದ ಮನೆಯವರು ಹಣ್ಣು ಹಿಡ್ಕೊಂಡು ನೋಡೋಕೆ ಬಂದಿದ್ರು," ಎಂದು ನಕ್ಕರು. ಅವಳು ತಲೆ ತಗ್ಗಿಸಿ ಸ್ಕ್ರೂ ತಿರುಗಿಸಿದಳು.

ಸಂಜೆ ನೇರ ಗೆಳತಿಯ ಮನೆಗೆ ಹೋಗಿ ಕೇಳಿಯೇಬಿಟ್ಟಳು. ಗೆಳತಿ ತಬ್ಬಿಬ್ಬಾಗಲಿಲ್ಲ. "ನೋವು ಯಾರದಾದ್ರೇನೇ, ಕವಿತೆಗೆ ಬಂದ್ಮೇಲೆ ಎಲ್ಲರದ್ದೂ. ನೀನಂತೂ ಅದನ್ನ ಬರೀತಿರಲಿಲ್ಲ."

"ಹೌದು, ಬರೀತಿರಲಿಲ್ಲ. ನೀನೂ ಬರಿಯಲ್ಲ ಅಂತ್ಲೇ ನಿಂಗೆ ಹೇಳಿದ್ದು."

ಆಗ ಗೆಳತಿಯ ಕಣ್ಣು ತುಂಬಿತು. ಅಚ್ಚಾದದ್ದಕ್ಕೆ ಏನೂ ಮಾಡಲಾಗದು, ಭಾನುವಾರ ಮಾತ್ರ ಅದನ್ನು ಖಂಡಿತ ಓದುವುದಿಲ್ಲ ಎಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು. ಅವಳು ನಂಬಿದಳು. ಒಂದೇ ಬೆಂಚಿನಲ್ಲಿ ಕೂತು ಬೆಳೆದವರು, ನಂಬದೆ ಇನ್ನೇನು.

ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ಅವಳು ಬೇರೆ ಕವಿತೆಗಳ ಬಗ್ಗೆ ಮನಸ್ಸಿಗೆ ಬಂದಷ್ಟು ಒಳ್ಳೆಯ ಮಾತಾಡಿ ಕೆಳಗಿಳಿದಳು. ಆಮೇಲೆ ಗೆಳತಿ ಮೈಕು ಹಿಡಿದು ಓದಿದ್ದು ಅದನ್ನೇ. 'ಬಾಚಣಿಗೇ' ಎಂಬಲ್ಲಿ ದನಿಯನ್ನು ಎಳೆದಳು. ಅಂದು ಮಡಿಲಲ್ಲಿ ಮಲಗಿ ಇವಳು ಅಮ್ಮನಂತೆ ಎಳೆದು ತೋರಿಸಿದ ಹಾಗೆಯೇ. ಸಭೆ ಗೊಳ್ಳೆಂದಿತು. ಕವಿತೆಯ ಮುಂದಿನ ಸಾಲಿಗೆ ಎಲ್ಲ ಗಪ್‌ಚಿಪ್. ಯಾರೋ ಮೂಗೊರೆಸಿಕೊಂಡರು. ಅವಳಿಗೆ ಮಾತ್ರ ಅಳು ಬರಲಿಲ್ಲ.

ಹೊರಗೆ ಗೆಳತಿ ಓಡಿ ಬಂದು ಕೈ ಹಿಡಿದಳು. "ಎಲ್ಲರೂ ಅದನ್ನೇ ಕೇಳಿದ್ರು ಕಣೇ, ಏನ್ಮಾಡ್ಲಿ? ಕೋಪಾನಾ?"

"ಇಲ್ಲ," ಎಂದು ಅವಳು ಕೈ ಬಿಡಿಸಿಕೊಂಡಳು.

ಮಾತು ಬಿಡಲಿಲ್ಲ, ಜಗಳವಾಡಲಿಲ್ಲ. ಗೆಳತಿ ಈಗಲೂ ಅಂಗಡಿಗೆ ಬರುತ್ತಾಳೆ. ಅವಳು ಕನ್ನಡಕ ಒರೆಸಿ ಕೊಡುತ್ತಾಳೆ, ಬಿಸಿಲಿನ ಬಗ್ಗೆ ಮಾತಾಡುತ್ತಾಳೆ. ಏನು ವಿಶೇಷ ಎಂದರೆ ಏನೂ ಇಲ್ಲ ಅನ್ನುತ್ತಾಳೆ. ಮರುವರ್ಷ ಅವಳಿಗೆ ಮದುವೆ ನಿಶ್ಚಯವಾದ ಸುದ್ದಿ ಗೆಳತಿಗೆ ತಿಳಿದದ್ದು ತನ್ನ ಅಮ್ಮನ ಬಾಯಿಂದ.