ಇಪ್ಪತ್ಮೂರು ಬೀಗ

ನಗರಸಭೆಯ ನೀರಿನ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆದ ಆ ಮನುಷ್ಯನನ್ನು ಊರೆಲ್ಲ ನಲ್ಲಿಯಣ್ಣ ಅಂತಲೇ ಕರೆಯುತ್ತಿತ್ತು. ಬೆಳಿಗ್ಗೆ ವಾಲ್ವು ತಿರುಗಿಸಿ ನೀರು ಬಿಡುವುದು, ಮೂರು ತಿಂಗಳಿಗೊಮ್ಮೆ ಮನೆಮನೆ ಸುತ್ತಿ ರಿಜಿಸ್ಟರಿನಲ್ಲಿ ಬರೆಯುವುದು, ಇವೆರಡೇ ಅವನ ಕೆಲಸ. ಜನ ಇದ್ದರೆ 'ವಾಸ', ಇಲ್ಲದಿದ್ದರೆ 'ಬೀಗ'. ಬೀಗ ಬಿದ್ದ ಮನೆಗೆ ನೀರಿನ ಶುಲ್ಕವಿಲ್ಲ.

ಇಷ್ಟು ಸಣ್ಣ ಕೆಲಸದಲ್ಲಿ ಒಬ್ಬ ಮನುಷ್ಯ ಎಂಥ ಅನಾಹುತ ಮಾಡಿಯಾನು ಅನ್ನಿಸಬಹುದು. ಕೆಟ್ಟವನಾದರೆ ಹೆಚ್ಚೇನೂ ಮಾಡಲಾರ. ಒಳ್ಳೆಯವನಾದರೆ ಕಷ್ಟ.

ಹಳೇ ಕಾರ್ಖಾನೆಯ ಹಿಂದೆ ನಾಲ್ಕು ಅಂತಸ್ತಿನ ಬಾಡಿಗೆ ಕಟ್ಟಡ, ಅಂತಸ್ತಿಗೆ ಹತ್ತು ಮನೆ. ಎರಡನೆಯ ಅಂತಸ್ತಿನ ಕೊನೆಯ ಮನೆಯಲ್ಲಿ ಅವನ ಅಕ್ಕ, ಭಾವ, ಹಾಸಿಗೆ ಹಿಡಿದ ಅವಳ ಅತ್ತೆ. ಒಂಬತ್ತು ವರ್ಷದ ಹಿಂದೆ ಭಾವನ ಬೆರಳು ಯಂತ್ರಕ್ಕೆ ಸಿಕ್ಕಿ ಕೆಲಸ ಹೋದಾಗ ಅಕ್ಕ ಕೇಳಿದಳು: "ಈ ಸಲ ನಮ್ಮದು ಬೀಗ ಅಂತ ಬರ್ಕೊಳ್ಳೋ. ನಿನ್ನ ಗಂಟೇನು ಹೋಗುತ್ತೆ?"

ಬರೆದ. ಮುಂದಿನ ಸಲ ಪಕ್ಕದ ಮನೆಯ ದರ್ಜಿ ಕೆಮ್ಮುತ್ತ ಬಾಗಿಲಲ್ಲಿ ನಿಂತಿದ್ದ. ಅಕ್ಕನಿಗೆ ಬರೆದವನು ದರ್ಜಿಗೆ ಇಲ್ಲ ಅನ್ನುವುದು ಹೇಗೆ? ವರ್ಷ ತಿರುಗುವಷ್ಟರಲ್ಲಿ ಇಪ್ಪತ್ಮೂರು ಮನೆಗೆ ಬೀಗ ಬಿತ್ತು. ಒಳಗೆ ಕುಕ್ಕರ್ ಕೂಗುತ್ತಿತ್ತು, ಮಕ್ಕಳು ಮಗ್ಗಿ ಒದರುತ್ತಿದ್ದವು, ರಿಜಿಸ್ಟರಿನಲ್ಲಿ ಮಾತ್ರ ಪಿಟ್ಟೆಂದರೆ ಪಿಟ್ಟಿಲ್ಲ. ಅದಕ್ಕಾಗಿ ಅವನು ಯಾರಿಂದಲೂ ಒಂದು ಕಾಸು ಮುಟ್ಟಲಿಲ್ಲ. ಹೆಚ್ಚೆಂದರೆ ಒಂದು ಲೋಟ ಚಹಾ, ಅದೂ ಸಕ್ಕರೆ ಕಡಿಮೆ.

ಈ ವರ್ಷ ಕಟ್ಟಡಕ್ಕೆ ನೀರು ತರುವ ನಗರಸಭೆಯ ಪೈಪು ತುಕ್ಕು ಹಿಡಿದು ಅಲ್ಲಲ್ಲಿ ಒಡೆಯಿತು. ಹೊಸ ಪೈಪು ಹಾಕಬೇಕೋ, ಇಲ್ಲ ಜನರನ್ನು ಖಾಲಿ ಮಾಡಿಸಿ ಕೆಡವಲು ಮಾಲೀಕನಿಗೆ ಒಪ್ಪಿಗೆ ಕೊಡಬೇಕೋ ಎಂದು ತೀರ್ಮಾನಿಸಲು ಬುಧವಾರ ಮಧ್ಯಾಹ್ನ ನಗರಸಭೆ ಸೇರಿತು. ಫ್ಯಾನು ಸದ್ದು ಮಾಡುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಗೋಡೆ ಬದಿಯ ಬೆಂಚಿನಲ್ಲಿ ಬಾಡಿಗೆದಾರರ ಪರವಾಗಿ ಐದು ಜನಕ್ಕೆ ಮಾತ್ರ ಜಾಗ. ಅವರು ಕೇಳಿಸಿಕೊಳ್ಳಬಹುದು, ಮಾತಾಡುವಂತಿಲ್ಲ. ಅವರಲ್ಲಿ ಅಕ್ಕನೂ ಇದ್ದಳು. ನಲ್ಲಿಯಣ್ಣ ರಿಜಿಸ್ಟರ್ ತಂದುಕೊಟ್ಟು ಬಾಗಿಲ ಬಳಿ ನಿಂತಿದ್ದ.

ಟೀಚರ್ ಕೆಲಸದಿಂದ ನಿವೃತ್ತಳಾದ ಸದಸ್ಯೆಯೊಬ್ಬಳು ಬಾಡಿಗೆದಾರರ ಪರ ಎದ್ದು ನಿಂತಳು. "ನಲವತ್ತು ಸಂಸಾರ ಬೀದಿಗೆ ಬಂದ್ರೆ ಎಲ್ಲಿಗೆ ಹೋಗ್ಬೇಕು?"

"ನಲವತ್ತಲ್ಲ ಮೇಡಂ, ಹದಿನೇಳು," ಅಂದ ಪೌರಾಯುಕ್ತ ರಿಜಿಸ್ಟರ್ ತಿರುವುತ್ತ. "ಇಪ್ಪತ್ಮೂರು ಮನೆಗೆ ವರ್ಷಗಟ್ಟಲೆಯಿಂದ ಬೀಗ."

"ಹದಿನೇಳು ಮನೆಗೆ ಅಷ್ಟುದ್ದ ಪೈಪಾ? ಮೂಗಿಗಿಂತ ಮೂಗುತಿ ಭಾರ ಆಯ್ತಲ್ರೀ," ಅಂದ ಇನ್ನೊಬ್ಬ ಸದಸ್ಯ. ಸಭೆ ನಕ್ಕಿತು. ಅಷ್ಟು ಹೊತ್ತು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುತ್ತಿದ್ದ ಅಧ್ಯಕ್ಷರಿಗೆ ಒಂದು ದಾರಿ ಸಿಕ್ಕಿತು. ಹದಿನೇಳು ಸಂಸಾರಕ್ಕೆ ನಗರಸಭೆಯ ವಸತಿಯಲ್ಲಿ ಮನೆ ಕೊಡೋಣ. ಬೀಗ ಬಿದ್ದ ಮನೆಯವರಿಗೆ ಕೊಡುವುದೇನು ಬಂತು, ಅಲ್ಲಿ ಯಾರಿದ್ದಾರೆ?

ಟೀಚರಮ್ಮ ಮಾತ್ರ ಬಿಡಲಿಲ್ಲ. ಬಾಗಿಲ ಕಡೆ ತಿರುಗಿದಳು. "ಬರೆದೋರು ನೀವೇ ಅಲ್ವೇನಪ್ಪ? ನಿಜ ಹೇಳಿ. ಆ ಮನೆಗಳಲ್ಲಿ ಯಾರೂ ಇಲ್ವಾ?"

ನಲ್ಲಿಯಣ್ಣ ಲೆಕ್ಕ ಹಾಕಿದ. ಇದ್ದಾರೆ ಅಂದರೆ ಇಪ್ಪತ್ಮೂರು ಸಂಸಾರ ಉಳಿಯಬಹುದು. ಆದರೆ ಸುಳ್ಳು ಬರೆದವನ ಕೆಲಸ ಹೋಗುವುದು ಖಂಡಿತ, ಹನ್ನೊಂದು ತಿಂಗಳಲ್ಲಿ ಬರಬೇಕಾದ ಪಿಂಚಣಿಗೂ ಕಲ್ಲು ಬೀಳುತ್ತದೆ. ಅವನು ಅಕ್ಕನ ಕಡೆ ನೋಡಿದ. ಅಕ್ಕ ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು, ಕಂಡೂ ಕಾಣದಷ್ಟು. ಅವನಿಗೆ ಅಷ್ಟೇ ಬೇಕಾಗಿತ್ತು.

"ಇಲ್ಲ ಮೇಡಂ," ಅಂದ. "ಬೀಗ."

ಟೀಚರಮ್ಮ ಫೈಲು ಮುಚ್ಚಿ ಕೂತಳು.

ಹೊರಗೆ ಮೆಟ್ಟಿಲ ಬಳಿ ಅಕ್ಕನೇ ಅವನಿಗೆ ಸಮಾಧಾನ ಹೇಳಿದಳು. "ಸರಿಯಾಗೇ ಹೇಳ್ದೆ ಬಿಡು. ನಿಜ ಹೇಳಿದ್ರೆ ನಿನ್ನ ಅನ್ನಕ್ಕೆ ಕಲ್ಲು. ನಮಗೂ ಒಂಬತ್ತು ವರ್ಷದ್ದು ದಂಡ ಸಮೇತ ಕಟ್ಟಿ ಅಂತಿದ್ರು."

"ಎಲ್ಲಿಗೆ ಹೋಗ್ತೀಯೇ ಅಕ್ಕಾ?"

"ನಿನ್ನ ಒಂದು ಕೋಣೆಗಂತೂ ಬರಲ್ಲ. ನೀವೇ ಸರದಿ ಮೇಲೆ ಕಾಲು ಚಾಚ್ತೀರಿ," ಎಂದು ನಕ್ಕಳು.

ಖಾಲಿ ಮಾಡುವ ದಿನ ಹದಿನೇಳು ಸಂಸಾರಕ್ಕೆ ಲಾರಿ ಬಂತು, ಹೊಸ ಮನೆಯ ಕೀಲಿಕೈ ಬಂತು. ಉಳಿದವರು ಗಂಟುಮೂಟೆ ಹೊತ್ತು ಸಿಕ್ಕ ದಾರಿ ಹಿಡಿದರು. ನೀರು ನಿಲ್ಲಿಸುವ ಕೆಲಸ ನಲ್ಲಿಯಣ್ಣನದೇ. ವಾಲ್ವು ತಿರುಗಿಸಿ ಎದ್ದರೆ ಎದುರಿಗೆ ದರ್ಜಿ. ಕೈಗಾಡಿಯಲ್ಲಿ ಹೊಲಿಗೆ ಯಂತ್ರ, ಅದರ ಮೇಲೆ ಹೆಂಡತಿಯ ಚಪ್ಪಲಿ. ಮುಖಕ್ಕೆ ಉಗಿಯುತ್ತಾನೆ ಅಂದುಕೊಂಡ. ದರ್ಜಿ ಅವನ ಎರಡೂ ಕೈ ಹಿಡಿದುಕೊಂಡ.

"ಒಂಬತ್ತು ವರ್ಷ ನಮ್ಮನ್ನ ಕಾಪಾಡ್ದೆ ಕಣಪ್ಪ. ನಿನ್ನ ಉಪಕಾರ ಸಾಯೋವರೆಗೂ ಮರೆಯಲ್ಲ."

ಉಗಿದಿದ್ದರೆ ಒರೆಸಿಕೊಳ್ಳಬಹುದಿತ್ತು. ನಲ್ಲಿಯಣ್ಣ ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿದ.

ಎಲ್ಲ ಬಾಗಿಲಿಗೂ ಬೀಗ ಹಾಕಿಸಿ, ಬರೆದು ತರಬೇಕೆಂದು ಅಪ್ಪಣೆಯಾಗಿತ್ತು. ಭಾವ ತನ್ನ ತಾಯಿಯನ್ನು ಕುರ್ಚಿ ಸಮೇತ ಕೆಳಗಿಳಿಸಿದ್ದ. ಅಕ್ಕ ಖಾಲಿ ಮನೆಯ ಬಾಗಿಲೆಳೆದು, ಚಿಲಕ ಹಿಡಿದು ನಿಂತಳು.

"ನಮ್ಮನೇಲಿ ಬೀಗಾನೇ ಇಲ್ವಲ್ಲೋ. ಅತ್ತೆ ಯಾವಾಗ್ಲೂ ಒಳಗೇ ಇರೋರು, ಹಾಕೋ ಪ್ರಮೇಯಾನೇ ಬರ್ಲಿಲ್ಲ."

ನಲ್ಲಿಯಣ್ಣ ಕೆಳಗಿಳಿದು ಹೋಗಿ ವಾಲ್ವಿನ ಗುಂಡಿಯ ಮುಚ್ಚಳಕ್ಕೆ ಹಾಕುತ್ತಿದ್ದ ಬೀಗ ತಂದ. ಇನ್ನು ಆ ಗುಂಡಿಯನ್ನು ಕಾಯುವ ಅಗತ್ಯವಿರಲಿಲ್ಲ. ಅಕ್ಕನ ಬಾಗಿಲಿಗೆ ಹಾಕಿ, ಎರಡು ಸಲ ಎಳೆದು ನೋಡಿ, ರಿಜಿಸ್ಟರ್ ತೆರೆದು ಅವಳ ಮನೆಯ ಮುಂದೆ 'ಬೀಗ' ಎಂದು ಬರೆದ. ಒಂಬತ್ತು ವರ್ಷದಲ್ಲಿ ಅಲ್ಲಿ ಅವನು ಬರೆದ ಮೊದಲ ನಿಜ ಅದು. ಅಕ್ಕನಿಗೆ ತೋರಿಸಬಾರದೆಂದು ಬೇಗ ಮುಚ್ಚಿದ.

ಕೆಳಗೆ ಬಿಸಿಲಲ್ಲಿ ಕುರ್ಚಿಯ ಮೇಲಿದ್ದ ಮುದುಕಿ ಅವನನ್ನು ಗುರುತು ಹಿಡಿದಳು.

"ನಲ್ಲಿಯಣ್ಣಾ, ಬಾಯಿ ಒಣಗ್ತಿದೆ. ಒಂದು ಲೋಟ ನೀರು ಹಿಡ್ಕೊಂಡು ಬಾರಪ್ಪ."

ಅಂಗಳದ ನಲ್ಲಿ ಅಲ್ಲೇ ಇತ್ತು. ಅಭ್ಯಾಸಬಲದಿಂದ ಅವನು ಹೋಗಿ ತಿರುಗಿಸಿದ. ಆಮೇಲೆ ಅದನ್ನು ಹಿಡಿದುಕೊಂಡೇ ನಿಂತ.